ಮರೆಹೊಕ್ಕವರೂ ರಾಜನೀತಿಯೂ



ದೇಶದೇಶಗಳ ನಡುವಿನ ನಿರ್ಧಾರಗಳಲ್ಲಿ ನೀತಿಗೆ ಜಾಗವಿದೆಯೇ ಎಂಬುದು ಇವತ್ತಿನ ವಿಷಯ. ಅದು ದೆಹಲಿಯವರ ಉಸಾಬರಿ, ನಮಗೇಕೆ ಎನ್ನುವವರು ಶಿಗ್ಗಾವಿ ತಾಲೂಕಿನ ತಡಸದಲ್ಲಿ ಹುಬ್ಬಳ್ಳಿ–ಮುಂಡಗೋಡ ಬಸ್ಸು ಹತ್ತಿ ನೋಡಬೇಕು. ಗೋವಿನಜೋಳದ ದರ ಮಾತಾಡುವ ನಮ್ಮ ರೈತರ ಪಕ್ಕದ ಸೀಟಿನಲ್ಲಿ ಕಡುಗೆಂಪು ವಸ್ತ್ರದ ಟಿಬೆಟನ್ ಭಿಕ್ಷುಗಳು ಕೂತಿರುತ್ತಾರೆ. ಹಾನಗಲ್ಲ, ಶಿಗ್ಗಾವಿ ತಾಲೂಕುಗಳಿಗೆ ಹೊಂದಿಕೊಂಡ ಮುಂಡಗೋಡ ಸೀಮೆಯಲ್ಲಿ ಅವರು ನೆಲೆಸಿದ್ದರ ಹಿಂದೆ ಒಂದು ವಿದೇಶಾಂಗ ನಿರ್ಧಾರವಿದೆ.

1954ರ ಏಪ್ರಿಲ್ 29ರಂದು ಭಾರತ ಮತ್ತು ಚೀನಾ ಪಂಚಶೀಲ ಒಪ್ಪಂದಕ್ಕೆ ಸಹಿ ಹಾಕಿದವು. ಟಿಬೆಟ್ ಚೀನಾದ ಪ್ರದೇಶವೆಂದು ನಾವು ಅದರಲ್ಲಿ ಒಪ್ಪಿಕೊಂಡೆವು. ಐದು ವರ್ಷದಲ್ಲಿ ಲಾಸಾದಲ್ಲಿ ದಂಗೆಯೆದ್ದು, 1959ರ ಮಾರ್ಚ್ ಕೊನೆಗೆ ದಲೈ ಲಾಮಾ ಗಡಿ ದಾಟಿ ಬಂದರು. ಅವರ ಬೆನ್ನಿಗೆ ಸಾವಿರಾರು ಜನ ಬಂದರು. ಅದೇ ವರ್ಷ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಟಿಬೆಟ್ ಕುರಿತ ನಿರ್ಣಯ ಮತಕ್ಕೆ ಬಂದಾಗ ಭಾರತ ತಟಸ್ಥವಾಗಿ ಉಳಿಯಿತು. 1961ರಲ್ಲಿಯೂ ಹಾಗೆಯೇ ಮಾಡಿತು. ಪರವಾಗಿ ಮತ ಹಾಕಿದ್ದು 1965ರಲ್ಲಿ.

ಮತಪಟ್ಟಿಯನ್ನಷ್ಟೇ ನೋಡುವವರಿಗೆ ಇದು ಅಂಜುಬುರುಕುತನವಾಗಿ ಕಾಣಬಹುದು. ಆದರೆ ತಟಸ್ಥವಾಗಿದ್ದ ಅದೇ ಸರ್ಕಾರ ಮರೆಹೊಕ್ಕವರನ್ನು ಹಿಂದಕ್ಕೆ ಕಳಿಸಲಿಲ್ಲ. ಅವರಿಗೆ ಜಮೀನು ಬೇಕೆಂದು ನೆಹರೂ ರಾಜ್ಯಗಳನ್ನು ಕೇಳಿಕೊಂಡರು. ಮುಂದೆ ಬಂದದ್ದು ನಮ್ಮ ಮೈಸೂರು ರಾಜ್ಯ. 1960ರಲ್ಲಿ ಬೈಲಕುಪ್ಪೆಯ ವಸತಿ ಆರಂಭವಾಯಿತು. 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮುಂಡಗೋಡದಲ್ಲಿ ಸುಮಾರು 4,000 ಎಕರೆ ಗೊತ್ತುಮಾಡಲಾಯಿತು. ಬಂದವರು ಕಾಡು ಸವರಿ ಹೊಲ ಮಾಡಿದರು. ಟಿಬೆಟ್ಟಿನ ಗಾಂಡೆನ್, ಡ್ರೆಪುಂಗ್ ಮಠಗಳು ಅಲ್ಲಿಯೇ ಮರುಹುಟ್ಟು ಪಡೆದವು. ಹೊಲವಿಲ್ಲದ ನಮ್ಮವರೇ ಎಷ್ಟೋ ಜನರಿದ್ದ ಕಾಲವದು. 1962ರ ಯುದ್ಧಕ್ಕೆ ಗಡಿಯ ತಕರಾರು ಮೂಲವಾದರೂ, ಆಶ್ರಯ ಕೊಟ್ಟದ್ದು ಚೀನಾದ ಸಿಟ್ಟಿಗೆ ತುಪ್ಪ ಸುರಿದಿತ್ತು. ಈ ನೀತಿಗೆ ನಾವು ನೆಲವನ್ನೂ ಕೊಟ್ಟೆವು, ನೆತ್ತರನ್ನೂ ಕೊಟ್ಟೆವು.

ಮರೆಹೊಕ್ಕವರಿಗಾಗಿ ಬೆಲೆ ತೆರುವ ಲೆಕ್ಕ ಈ ಸೀಮೆಗೆ ಹೊಸದಲ್ಲ. ಪೇಶ್ವೆಯ ತೋಪಿನ ದಳದ ಸರದಾರ ಮುಜಫರ್ ಖಾನ್ ಮುನಿಸಿಕೊಂಡು ಸವಣೂರಿಗೆ ಬಂದ. ಅವನನ್ನು ಒಪ್ಪಿಸಲು ನವಾಬ ಅಬ್ದುಲ್ ಹಕೀಮ್ ಖಾನ್ ಒಪ್ಪಲಿಲ್ಲ. 1756ರಲ್ಲಿ ಪೇಶ್ವೆ ಮತ್ತು ನಿಜಾಮರ ದಂಡು ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳೊಂದಿಗೆ ಬಂದು ಸವಣೂರನ್ನು ಮುತ್ತಿತು. ನವಾಬ ಕೊನೆಗೆ ಮಣಿದು ಸೀಮೆಯ ದೊಡ್ಡ ಪಾಲನ್ನು ಬಿಟ್ಟುಕೊಡಬೇಕಾಯಿತು. ನುರಿತ ತೋಪಿನವನು ಕೈಗೆ ಸಿಕ್ಕ ಎಂಬ ಸ್ವಾರ್ಥವೂ ನವಾಬನಿಗೆ ಇತ್ತು, ನಿಜ. ರಾಜ್ಯಗಳ ನೀತಿಯಲ್ಲಿ ಸ್ವಾರ್ಥದ ಬೆರಕೆ ಇದ್ದೇ ಇರುತ್ತದೆ. ಹಾಗಾದರೆ ನೀತಿಯನ್ನು ಗುರುತಿಸುವುದು ಹೇಗೆ? ಆ ನಿರ್ಧಾರದ ಬೆಲೆಯನ್ನು ತೆತ್ತವರು ಯಾರು ಎಂದು ಕೇಳಬೇಕು. ನಿರ್ಧಾರ ಮಾಡಿದವರೇ ತೆತ್ತರೆ ಅದರಲ್ಲಿ ನೀತಿಯ ಅಂಶವಿದೆ. ಬೇರೆಯವರ ತಲೆಗೆ ಕಟ್ಟಿದರೆ ಅದು ಬರೀ ಜಾಣತನ.

ಈ ಅಳತೆಯನ್ನು ನಮ್ಮ ಕಾಲಕ್ಕೂ ಹಿಡಿಯೋಣ. 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್‌ನಲ್ಲಿ, ಆಹಾರ ಸಾಮಗ್ರಿ ತರಲು ಸಾಲಿನಲ್ಲಿ ನಿಂತಿದ್ದ ನಮ್ಮದೇ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಮರುದಿನ ಮಹಾಸಭೆಯಲ್ಲಿ ಯುಕ್ರೇನ್ ಮೇಲಿನ ದಾಳಿಗಾಗಿ ರಷ್ಯಾವನ್ನು ಖಂಡಿಸುವ ನಿರ್ಣಯಕ್ಕೆ 141 ದೇಶಗಳು ಪರವಾಗಿ, 5 ವಿರುದ್ಧವಾಗಿ ಮತ ಹಾಕಿದವು. ತಟಸ್ಥವಾಗಿ ಉಳಿದ 35 ದೇಶಗಳಲ್ಲಿ ಭಾರತವೂ ಒಂದು. ಅಂದು ನಮ್ಮ ಸಾವಿರಾರು ಮಕ್ಕಳು ಇನ್ನೂ ಗುಂಡಿನ ನಡುವೆ ಇದ್ದರು, ಅವರನ್ನು ಕರೆತರಲು ಎರಡೂ ಕಡೆಯವರ ಸಹಕಾರ ಬೇಕಿತ್ತು. 'ಆಪರೇಷನ್ ಗಂಗಾ' 22,000ಕ್ಕೂ ಹೆಚ್ಚು ಜನರನ್ನು ಮನೆ ಮುಟ್ಟಿಸಿತು. ಪೊಟ್ಯಾಷ್ ಗೊಬ್ಬರಕ್ಕೆ ನಾವು ಹೊರದೇಶಗಳನ್ನೇ ನೆಚ್ಚಿದ್ದೇವೆ, ರಷ್ಯಾ ಅದನ್ನು ಕೊಡುವ ದೊಡ್ಡ ದೇಶಗಳಲ್ಲಿ ಒಂದು. ಗೊಬ್ಬರ ಸಿಗದಿದ್ದರೆ ಏನಾಗುತ್ತದೆಂದು 2008ರ ಜೂನ್‌ನಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಹಾವೇರಿಯಲ್ಲಿ ನಡೆದ ಗೋಲಿಬಾರ್ ಕಂಡ ನಮಗೆ ಯಾರೂ ಹೇಳಬೇಕಿಲ್ಲ. ಆದ್ದರಿಂದ ಆ ದಿನದ ಮೌನವನ್ನು ನಾನು ಅನೀತಿ ಎನ್ನಲಾರೆ. ಏಪ್ರಿಲ್‌ನಲ್ಲಿ ಬುಚಾ ಪಟ್ಟಣದ ಹತ್ಯೆಗಳನ್ನು ಭಾರತ ಖಂಡಿಸಿ, ಸ್ವತಂತ್ರ ತನಿಖೆಯ ಬೇಡಿಕೆಯನ್ನು ಬೆಂಬಲಿಸಿದ್ದನ್ನೂ ಮರೆಯಬಾರದು.

ಆದರೂ ಎರಡು ತಟಸ್ಥ ಮತಗಳ ನಡುವೆ ದೊಡ್ಡ ಅಂತರವಿದೆ. 1959ರಲ್ಲಿ ತಟಸ್ಥರಾಗಿದ್ದೂ ಬೆಲೆ ತೆತ್ತೆವು. 2022ರ ನಂತರ ತಟಸ್ಥರಾಗಿದ್ದು ರಷ್ಯಾದ ಅಗ್ಗದ ತೈಲ ಕೊಂಡೆವು. ಬಡ ದೇಶಕ್ಕೆ ತೈಲ ಬೇಕು, ಒಪ್ಪೋಣ. ಆದರೆ ಆ ಲಾಭದ ಜೊತೆ ನೊಂದವರ ಋಣವೂ ನಮ್ಮ ಮೇಲೆ ಬಂದಿದೆ. ಅದನ್ನು ಔಷಧದಲ್ಲಿ, ಮರುನಿರ್ಮಾಣದಲ್ಲಿ, ಸಂಧಾನದಲ್ಲಿ ತೀರಿಸಬೇಕು.

ಇನ್ನೊಂದು ಕೊರತೆಯನ್ನು ಹೇಳದೆ ಇರಲಾರೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಮರೆಹೊಕ್ಕವರಿಗಾಗಿ ನಮ್ಮದೇ ಕಾನೂನೂ ಇಲ್ಲ. ಹೀಗಾಗಿ ಎಲ್ಲರಿಗೂ ಒಂದೇ ಅಳತೆ ಸಿಗುತ್ತಿಲ್ಲ: ಟಿಬೆಟ್ಟಿನವರಿಗೆ ಹೊಲ ಸಿಕ್ಕಿತು. ಆದರೆ 2018ರ ಅಕ್ಟೋಬರ್‌ನಲ್ಲಿ ಏಳು ರೋಹಿಂಗ್ಯಾ ಮುಸ್ಲಿಮರನ್ನು ಮ್ಯಾನ್ಮಾರ್‌ಗೆ ಒಪ್ಪಿಸಲಾಯಿತು. ಬಂದವರ ಧರ್ಮ, ಆಳುವವರ ಮರ್ಜಿ ನೋಡಿ ಅಳತೆ ಬದಲಾದರೆ ಅದನ್ನು ನೀತಿ ಎನ್ನಲಾಗದು. ಮುಂಡಗೋಡದಲ್ಲಿ ಅಂದು ನಾವು ತೋರಿದ್ದು ಔದಾರ್ಯ. ಅದು ಹಕ್ಕಾಗಬೇಕು. ಹಾವೇರಿ, ಧಾರವಾಡ ಲೋಕಸಭಾ ಕ್ಷೇತ್ರಗಳ ಮತದಾರರಾದ ನಾವು, ಮತ ಕೇಳಲು ಬಂದವರಿಗೆ ರಸ್ತೆ, ನೀರಿನ ಜೊತೆ ಇದನ್ನೂ ಕೇಳಬೇಕು: ಮರೆಹೊಕ್ಕವರಿಗೆ ಒಂದೇ ಅಳತೆಯ ಕಾನೂನು ತರುತ್ತೀರಾ? ನೆಲ ಹಂಚಿಕೊಂಡು ಬಾಳಿ ತೋರಿಸಿದ ಈ ಸೀಮೆಯವರಿಗೆ ಹಾಗೆ ಕೇಳುವ ಅಧಿಕಾರವಿದೆ.