ಪದವಿಯಾಚೆಗಿನ ಅರ್ಹತೆ



ಶಾಲೆಗೆ ಮುಖ್ಯಸ್ಥರನ್ನು ಆರಿಸುವಾಗ ನಾವು ಮೊದಲು ನೋಡುವುದು ಅಂಕಪಟ್ಟಿ. ಬ್ರಿಟಿಷರ ಕಾಲದಲ್ಲಿ ಮೈಸೂರಿನ ಶಿಕ್ಷಣ ಇಲಾಖೆಯ ಹಿರಿಯ ಹುದ್ದೆಗೆ ಅಂಕಪಟ್ಟಿಗೂ ಮೊದಲು ಮೈಬಣ್ಣವನ್ನೇ ನೋಡುತ್ತಿದ್ದರೆನ್ನಬೇಕು. ಆದರೂ ಆ ಸ್ಥಾನಕ್ಕೆ ಬಂದವರಲ್ಲಿ ಬಿ. ಎಲ್. ರೈಸ್ ಒಬ್ಬರು. ಅವರು 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಪಾದ್ರಿಯ ಮಗ. ಬೆಂಗಳೂರಿನ ಪ್ರೌಢಶಾಲೆಯ ಮುಖ್ಯಸ್ಥರಾಗಿ, ಶಾಲಾ ತನಿಖಾಧಿಕಾರಿಯಾಗಿ, ಬಳಿಕ ಇಲಾಖೆಯ ನಿರ್ದೇಶಕರಾದರು. ಹೋಬಳಿಗೊಂದು ಶಾಲೆ ಎಂಬ 1868ರ ಯೋಜನೆ ಅವರದು. ಕುದುರೆಯೇರಿ ಹಳ್ಳಿ ಶಾಲೆಗಳನ್ನು ನೋಡಲು ಹೋದವರಿಗೆ ದಾರಿಯಲ್ಲಿ ಶಾಸನಗಳೂ ಕಂಡವು. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಹತ್ತನೆಯ ಶತಮಾನದ ಕಲ್ಲಿತ್ತಲ್ಲ, ಅದರ ಪಾಠವನ್ನು 1894ರ ಸಂಪುಟದಲ್ಲಿ ಅಚ್ಚು ಮಾಡಿಸಿದವರೂ ಅವರೇ. ಕನ್ನಡ ಬಾರದ ಅಧಿಕಾರಿಯಾಗಿದ್ದರೆ ಅದರ ಪಕ್ಕದಲ್ಲೇ ಕುದುರೆ ಕಟ್ಟಿ ಹೋಗುತ್ತಿದ್ದರು!

1882ರ ಹಂಟರ್ ಶಿಕ್ಷಣ ಆಯೋಗಕ್ಕೂ ರೈಸರೇ ಕಾರ್ಯದರ್ಶಿ. ಮುಸ್ಲಿಂ ಮಕ್ಕಳ ಶಾಲೆಗಳಿಗೆ ಮುಸ್ಲಿಂ ತನಿಖಾಧಿಕಾರಿಗಳನ್ನು ಹೆಚ್ಚಾಗಿ ನೇಮಿಸಬೇಕೆಂದು ಆ ಆಯೋಗ ಹೇಳಿತು. ಮಗುವಿನ ಮನೆಯನ್ನು ಬಲ್ಲವರು ತನಿಖೆಗೆ ಬರಲಿ ಎಂಬುದೇ ಅದರ ಅರ್ಥವೆಂದು ನಾನು ತಿಳಿಯುತ್ತೇನೆ.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಗುಲಾಂ ಅಹಮದ್ ಕಲಾಮಿ ಅದರ ಸದಸ್ಯರಲ್ಲೊಬ್ಬರು. ಬ್ರಾಹ್ಮಣೇತರರಿಗೆ ಏಳು ವರ್ಷದೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳದರ್ಜೆಯವುಗಳಲ್ಲಿ ಮೂರರಲ್ಲಿ ಎರಡು ಪಾಲು ದೊರೆಯಬೇಕೆಂದು ಸಮಿತಿ ಶಿಫಾರಸು ಮಾಡಿತು. ದಕ್ಷತೆ ಕುಗ್ಗುತ್ತದೆ ಎಂಬ ಆಕ್ಷೇಪ ಆಗಲೂ ಇತ್ತು. ದಕ್ಷತೆಯನ್ನು ಪರೀಕ್ಷೆಯ ಫಲಿತಾಂಶದಿಂದಷ್ಟೇ ಅಳೆಯಲಾಗದು, ಜನರ ಬಗೆಗಿನ ಸಹಾನುಭೂತಿಯೂ ಪ್ರಾಮಾಣಿಕತೆಯೂ ಲೆಕ್ಕಕ್ಕೆ ಬರಬೇಕು ಎಂಬುದು ಸಮಿತಿಯ ಉತ್ತರ. ಈ ಉತ್ತರದಿಂದ ನಮ್ಮ ಸಮುದಾಯಕ್ಕೆ ಉಪಕಾರವಾಗಿದೆ. ನಾವೇ ಆರಿಸುವ ಕುರ್ಚಿಯಲ್ಲಿ ಕುಳಿತಾಗ ಅದನ್ನು ಮರೆಯುವುದು ಸರಿಯೆ?

ಮಳವಳ್ಳಿಯ ಮಗುವೊಂದು ಮನೆಯಲ್ಲಿ ದಖನಿ ಆಡುತ್ತದೆ, ಸಂತೆಯಲ್ಲಿ ಕನ್ನಡ, ಪುಸ್ತಕದಲ್ಲಿ ಓದುವುದು ಬೇರೆಯೇ ಉರ್ದು. ಅದರ ತಾಯಿ ದಖನಿಯಲ್ಲಿ ಹೇಳಿದ ಕಷ್ಟವನ್ನು ಕೇಳಿ, ಬಿ.ಇ.ಓ. ಕಚೇರಿಗೆ ಕನ್ನಡದಲ್ಲಿ ಬರೆದು ತಿಳಿಸಬಲ್ಲವರು ಬೇಕು. ಈ ಶಕ್ತಿ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಕಾರ್ಯಕಾರಿ ಸಮಿತಿಗೆ ನನ್ನದೊಂದು ವಿನಂತಿ. ಮುಂದಿನ ಸಂದರ್ಶನದಲ್ಲಿ ಅಭ್ಯರ್ಥಿಗಳು ನಾಲ್ಕನೆಯ ತರಗತಿಗೆ ಒಂದು ಪೀರಿಯಡ್ ಪಾಠ ಮಾಡಲಿ, ಪೋಷಕರೊಂದಿಗೆ ಹತ್ತು ನಿಮಿಷ ಮಾತಾಡಲಿ. ಆಯ್ಕೆ ಮಾಡುವವರು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲಿ, ಅಂಕಪಟ್ಟಿಯನ್ನು ಆಮೇಲೆ ಬಿಚ್ಚಲಿ.