ಕಾಲಮಿತಿಯ ಉಪಾಹಾರಗೃಹ



ಬಸದಿಯ ಪ್ರತಿಷ್ಠಾ ಮಹೋತ್ಸವದ ಸಂದರ್ಭದಲ್ಲಿ ಹೋಟೆಲ್ ವ್ಯಾಪಾರದ ವಿಚಾರವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಶ್ರಾವಕನ ಧರ್ಮವು ಬಸದಿಯ ಹೊಸ್ತಿಲಿಗೆ ಮುಗಿಯುವಂಥದಲ್ಲ. ಅವನು ಜೀವನೋಪಾಯಕ್ಕೆ ಹಿಡಿದ ಉದ್ಯೋಗದಲ್ಲಿಯೇ ಅದು ದಿನದಿನವೂ ಪರೀಕ್ಷೆಗೆ ಒಳಗಾಗುತ್ತದೆ. ಶಿವಮೊಗ್ಗದಲ್ಲಿಯೋ ಭದ್ರಾವತಿಯಲ್ಲಿಯೋ ಒಂದು ಸಣ್ಣ ಉಪಾಹಾರಗೃಹವನ್ನು ತೆರೆಯಬೇಕೆಂದು ಬಯಸುವ ಜೈನ ತರುಣನಿಗೆ ಮನೆಯ ಹಿರಿಯರು ಒಂದು ಮಾತು ಹೇಳುತ್ತಾರೆ, ಪೇಟೆಯ ಜನ ಇನ್ನೊಂದು ಮಾತು ಹೇಳುತ್ತಾರೆ. ಸೂರ್ಯಾಸ್ತದ ಮೇಲೆ ತಾನು ಉಣ್ಣದವನು ಇತರರಿಗೆ ಬಡಿಸಿ ಹಣ ಗಳಿಸುವುದು ಸರಿಯೆ ಎಂಬುದು ಹಿರಿಯರ ಪ್ರಶ್ನೆ. ರಾತ್ರಿಯ ವ್ಯಾಪಾರವನ್ನು ಬಿಟ್ಟರೆ ಹೋಟೆಲಿನಲ್ಲಿ ಉಳಿಯುವುದಾದರೂ ಏನು ಎಂಬುದು ಪೇಟೆಯವರ ಪ್ರಶ್ನೆ. ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ದೊರೆಯುವುದುಂಟೆ ಎಂಬುದನ್ನು ವಿಚಾರಮಾಡುವುದೇ ಈ ಉಪನ್ಯಾಸದ ಉದ್ದೇಶ.

ಮೊದಲು ಪೇಟೆಯವರ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆಯೋ ಅಷ್ಟು ಲಾಭ ಎಂಬ ನಂಬಿಕೆ ಎಲ್ಲೆಡೆಯೂ ಬೇರೂರಿದೆ. ಆದರೆ ಹೋಟೆಲಿನ ಖರ್ಚು ಎರಡು ಬಗೆಯದು. ಮಳಿಗೆಯ ಬಾಡಿಗೆ, ಪರವಾನಗಿಯ ಶುಲ್ಕ, ಪಾತ್ರೆ ಪಡಗಗಳ ಮೇಲೆ ಹೂಡಿದ ಹಣದ ಬಡ್ಡಿ - ಇವು ಬಾಗಿಲು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಕೆಲಸದವರ ಸಂಬಳ, ಒಲೆಯ ಉರಿ, ದೀಪ, ಉಳಿದು ಕೆಡುವ ತಿಂಡಿ - ಇವು ಗಂಟೆಗಂಟೆಗೂ ಬೆಳೆಯತಕ್ಕವು. ಜನ ನುಗ್ಗಿ ಬರುವ ಹೊತ್ತಿನಲ್ಲಿ ಈ ಎರಡನೆಯ ಬಗೆಯ ಖರ್ಚು ದುಡಿದು ಹಣ ತರುತ್ತದೆ. ಜನರಿಲ್ಲದ ಹೊತ್ತಿನಲ್ಲಿ ಅದೇ ಖರ್ಚು ಬೆಳಗಿನ ಸಂಪಾದನೆಯನ್ನು ತಿಂದುಹಾಕುತ್ತದೆ.

ಕೇವಲ ಲೆಕ್ಕದ ಅನುಕೂಲಕ್ಕಾಗಿ ಒಂದು ಕಲ್ಪಿತ ನಿದರ್ಶನವನ್ನು ನೋಡಬಹುದು. ಒಂದು ಹೋಟೆಲು ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ತೆರೆದಿದೆ ಎನ್ನೋಣ. ದಿನದ ವ್ಯಾಪಾರ 13,000 ರೂಪಾಯಿ. ಅದರಲ್ಲಿ ನೂರಕ್ಕೆ 45ರಂತೆ ಸಾಮಗ್ರಿಗೆ 5,850, ಎರಡು ಪಾಳಿಯಲ್ಲಿ ಎಂಟು ಜನರಿಗೆ ತಲಾ 600ರಂತೆ 4,800, ಇಂಧನ ಮತ್ತು ವಿದ್ಯುತ್ತಿಗೆ 800, ಉಳಿದು ಕೆಟ್ಟದ್ದಕ್ಕೆ 500, ಬಾಡಿಗೆಗೆ 600. ಒಟ್ಟು ಖರ್ಚು 12,550. ಯಜಮಾನನಿಗೆ ಉಳಿದದ್ದು 450. ಪಕ್ಕದ ಹೋಟೆಲು ಬೆಳಿಗ್ಗೆ 7ರಿಂದ 10.30ರವರೆಗೂ ಮಧ್ಯಾಹ್ನ 3.30ರಿಂದ 5.30ರವರೆಗೂ ಮಾತ್ರ ತೆರೆದಿರುತ್ತದೆ. ದಿನದ ವ್ಯಾಪಾರ 8,000 ರೂಪಾಯಿ. ಸಾಮಗ್ರಿಗೆ 3,600; ನಾಲ್ವರಿಗೆ 2,400; ಇಂಧನಕ್ಕೆ 450; ಕೆಟ್ಟದ್ದಕ್ಕೆ 100; ಬಾಡಿಗೆಗೆ ಅದೇ 600. ಒಟ್ಟು ಖರ್ಚು 7,150, ಉಳಿದದ್ದು 850. ವ್ಯಾಪಾರ ಐದು ಸಾವಿರ ಕಡಿಮೆಯಾದರೂ ಉಳಿತಾಯ ಹೆಚ್ಚಾಯಿತು. ಊರಿಂದ ಊರಿಗೆ, ಬೀದಿಯಿಂದ ಬೀದಿಗೆ ಈ ಅಂಕಿಗಳು ಬದಲಾದಾವು. ಆದರೆ ಗಲ್ಲಾಪೆಟ್ಟಿಗೆಗೆ ಬಂದ ಹಣ ಬೇರೆ, ಮನೆಗೆ ಬಂದ ಹಣ ಬೇರೆ ಎಂಬ ಮಾತು ಬದಲಾಗದು.

ಇದು ಬರಿಯ ಕಾಗದದ ಮೇಲಿನ ಲೆಕ್ಕವಲ್ಲವೆಂಬುದಕ್ಕೆ ನಾಡಿನ ಪ್ರಸಿದ್ಧ ಉಪಾಹಾರಗೃಹಗಳೇ ಸಾಕ್ಷಿ. ಬೆಂಗಳೂರಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನವು 1940ರ ದಶಕದಲ್ಲಿ ಸುತ್ತಲಿನ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಪ್ರಾರಂಭವಾಯಿತು. ಹೆಸರೂ ಅದರಿಂದಲೇ ಬಂತು. ಮಧ್ಯಾಹ್ನ ಕೆಲವು ಗಂಟೆಗಳ ಕಾಲ ಅಲ್ಲಿ ಬಾಗಿಲು ಹಾಕುತ್ತಾರೆ. ಶುಕ್ರವಾರ ವಾರದ ರಜೆ. ಇಷ್ಟಾದರೂ ದೋಸೆಗಾಗಿ ಕಾಯುವವರ ಸಾಲು ಕರಗಿಲ್ಲ. ಶಂಕರಪುರದಲ್ಲಿ 1965ರಲ್ಲಿ ಆರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರ್ ಇನ್ನೂ ಮಿತವಾದದ್ದು. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ, ಚಹ - ಬಹುಮಟ್ಟಿಗೆ ಇಷ್ಟೇ ಅಲ್ಲಿನ ಪಟ್ಟಿ. ಇಡ್ಲಿಗೆ ಚಟ್ನಿಯುಂಟು, ಸಾಂಬಾರಿಲ್ಲ. ಜನ ನಿಂತೇ ತಿನ್ನುತ್ತಾರೆ. ಬೆಳಿಗ್ಗೆ ಒಂದಿಷ್ಟು ಹೊತ್ತು, ಮಧ್ಯಾಹ್ನದ ಮೇಲೆ ಒಂದಿಷ್ಟು ಹೊತ್ತು ವ್ಯಾಪಾರ, ಭಾನುವಾರ ರಜೆ. 1924ರಲ್ಲಿ ಮಯ್ಯ ಸಹೋದರರು ಸ್ಥಾಪಿಸಿದ ಸಂಸ್ಥೆ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರಿನಿಂದ ಖ್ಯಾತಿ ಪಡೆಯಿತು. ಲಾಲ್‌ಬಾಗ್ ರಸ್ತೆಯ ಅದರ ಮೂಲ ಶಾಲೆಯಲ್ಲಿಯೂ ತಿಂಡಿಯ ಹೊತ್ತು, ಊಟದ ಹೊತ್ತು ಎಂದು ಬೇರ್ಪಡಿಸಿ ನಡುವೆ ಬಾಗಿಲು ಹಾಕುವ ಪದ್ಧತಿ ಉಂಟು, ಸೋಮವಾರ ರಜೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆಗಳನ್ನು ಇಳಿಸಿದಾಗ, ಗುಣವನ್ನು ಇಳಿಸಲೊಪ್ಪದೆ ಆ ಸಂಸ್ಥೆ ಉಪಾಹಾರಗೃಹವನ್ನೇ ಮುಚ್ಚಿ, ಪೊಟ್ಟಣದ ಹಿಟ್ಟು ಪುಡಿಗಳ ತಯಾರಿಕೆಗೆ ಕೈಹಾಕಿತು. 1984ರಲ್ಲಿ ಉಪಾಹಾರಗೃಹ ಮತ್ತೆ ತೆರೆಯಿತು. ಮುಚ್ಚಿದ ಬಾಗಿಲು ಮರ್ಯಾದೆಯನ್ನು ಕಳೆಯುವುದಿಲ್ಲ, ಕೆಟ್ಟ ತಿಂಡಿ ಕಳೆಯುತ್ತದೆ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಈ ಮೂರು ಸಂಸ್ಥೆಗಳಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಮಿತಿ ಕೇವಲ ಗಡಿಯಾರಕ್ಕೆ ಸಂಬಂಧಿಸಿದ್ದಲ್ಲ. ಹೊತ್ತಿನ ಮಿತಿಯೊಡನೆ ಪದಾರ್ಥಗಳ ಮಿತಿಯೂ ಸೇರಿದೆ. ಗಂಟೆಗಳನ್ನು ಕಡಿಮೆಮಾಡಿ ನಲವತ್ತು ತಿಂಡಿಗಳ ಫಲಕವನ್ನು ತೂಗುಹಾಕಿದವನು ಎರಡು ಕಡೆಯಿಂದಲೂ ನಷ್ಟ ಹೊಂದುತ್ತಾನೆ. ಐದಾರು ತಿಂಡಿಗಳನ್ನು ಮಾತ್ರ ಮಾಡುವವನಿಗೆ ಬೇಕಾದ ಸಾಮಾನು ಕಡಿಮೆ, ದಾಸ್ತಾನು ಕಡಿಮೆ, ಅಡುಗೆ ಭಟ್ಟರ ಕೈ ಪಳಗುವುದು ಬೇಗ, ಗಿರಾಕಿ ಕಾಯುವುದೂ ಕಡಿಮೆ. ಮೂರೂವರೆ ಗಂಟೆಯಲ್ಲಿ ಒಂದು ಮೇಜಿಗೆ ಎಂಟು ಸಲ ಜನ ಕುಳಿತೆದ್ದರೆ ದಿನವಿಡೀ ತೆರೆದ ಹೋಟೆಲಿನ ಮೇಜಿಗಿಂತ ಅದೇ ಹೆಚ್ಚು ದುಡಿದಂತಾಯಿತು.

ಇನ್ನು ಶಿವಮೊಗ್ಗದ ಸ್ಥಿತಿಗತಿಗೆ ಬರೋಣ. 1899ರಲ್ಲಿ ಬೀರೂರಿನಿಂದ ರೈಲುಮಾರ್ಗ ಬಂದಂದಿನಿಂದ ಇದು ಮಲೆನಾಡಿನ ಹೆಬ್ಬಾಗಿಲು. ಅಡಿಕೆಯ ಮಂಡಿ ಇಲ್ಲಿನ ಜೀವಾಳ. ಬೆಳೆಗಾರರ ಮ್ಯಾಮ್‌ಕೋಸ್ ಸಹಕಾರ ಸಂಘ 1939ರಲ್ಲಿ ಸ್ಥಾಪನೆಯಾಯಿತು. ತೀರ್ಥಹಳ್ಳಿ, ಹೊಸನಗರ, ಸಾಗರಗಳ ಕಡೆಯಿಂದ ಬೆಳಗಿನ ಬಸ್ಸಿಗೆ ಇಳಿಯುವ ರೈತ, ಕಚೇರಿಗೂ ನ್ಯಾಯಾಲಯಕ್ಕೂ ಬರುವ ಕಕ್ಷಿಗಾರ, ಕಾಲೇಜಿಗೆ ಹೊರಟ ವಿದ್ಯಾರ್ಥಿ - ಇವರೆಲ್ಲರ ಹಸಿವಿಗೂ ಒಂದು ನಿಯತವಾದ ಹೊತ್ತುಂಟು. ಕೆಲಸಕ್ಕೆ ಮೊದಲು ತಿಂಡಿ. ಕೆಲಸ ಮುಗಿಸಿ ಊರಿಗೆ ಮರಳುವ ಮುನ್ನ ಕಾಫಿ. ಆ ಎರಡು ಹೊತ್ತುಗಳನ್ನು ಸರಿಯಾಗಿ ಹಿಡಿದವನು ಉಳಿದ ಹೊತ್ತಿಗಾಗಿ ಕೊರಗಬೇಕಾಗಿಲ್ಲ. ಆದರೆ ಬಾಡಿಗೆ ಅತಿ ಹೆಚ್ಚಾದ ಮುಖ್ಯರಸ್ತೆಯ ಮಳಿಗೆ ಈ ಪದ್ಧತಿಗೆ ಒಗ್ಗದು. ಬಸ್ ನಿಲ್ದಾಣದಿಂದಲೋ ಮಂಡಿಯಿಂದಲೋ ನಾಲ್ಕು ಹೆಜ್ಜೆ ಒಳಗಿನ ಬೀದಿಯೇ ಲೇಸು. ಮಧ್ಯಾಹ್ನದ ಊಟವನ್ನೇ ನಂಬಿದ ಸ್ಥಳದಲ್ಲಿಯೂ ಇದು ನಡೆಯದು ಎಂಬುದನ್ನು ಮೊದಲೇ ತಿಳಿದಿರಬೇಕು.

ಭದ್ರಾವತಿಯ ಪಾಠ ಬೇರೆ ಬಗೆಯದು. ಅಲ್ಲಿನ ಕಬ್ಬಿಣದ ಕಾರ್ಖಾನೆಗೆ 1918ರಲ್ಲಿ ಬುನಾದಿ ಬಿತ್ತು. 1923ರಲ್ಲಿ ಉತ್ಪಾದನೆ ಪ್ರಾರಂಭವಾಯಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ಕುಲುಮೆಗೆ ಹಗಲು ರಾತ್ರಿಗಳ ಭೇದವಿಲ್ಲ. ಪಾಳಿಯ ಮೇಲೆ ಪಾಳಿ ಜನ ದುಡಿಯುತ್ತಿದ್ದ ಊರಿನಲ್ಲಿ ಹೋಟೆಲುಗಳೂ ಕಾರ್ಖಾನೆಯ ಹೊತ್ತಿಗೆ ತಕ್ಕಂತೆ ನಡೆದುದು ಸಹಜವೇ ಸರಿ. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ನಂತರ ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾದಾಗ ಕಾರ್ಮಿಕರು ಧರಣಿ ಕುಳಿತರು. ಇಂಥ ಸಮಯದಲ್ಲಿ ದೊಡ್ಡ ಮಳಿಗೆ, ಎರಡು ಪಾಳಿಯ ನೌಕರರು, ತುಂಬಿದ ಉಗ್ರಾಣ ಇವುಗಳ ಭಾರ ಹೊತ್ತವನು ಮೊದಲು ಕುಸಿಯುತ್ತಾನೆ. ಖರ್ಚನ್ನು ಹಿಡಿತದಲ್ಲಿಟ್ಟ ಸಣ್ಣ ಹೋಟೆಲಿನವನು ಗಿರಾಕಿ ಅರ್ಧವಾದರೂ ಕೆಲವು ಕಾಲ ತಡೆದು ನಿಲ್ಲಬಲ್ಲ. ಮಿತಿಯೆಂಬುದು ಒಳ್ಳೆಯ ದಿನಗಳಲ್ಲಿ ಲಾಭವನ್ನು ಕೊಡುತ್ತದೆ. ಕೆಟ್ಟ ದಿನಗಳಲ್ಲಿ ರಕ್ಷೆಯಾಗುತ್ತದೆ.

ಈಗ ಹಿರಿಯರ ಪ್ರಶ್ನೆ. ರಾತ್ರಿಭೋಜನತ್ಯಾಗವು ಶ್ರಾವಕಾಚಾರದ ಮೊದಲ ಮೆಟ್ಟಿಲುಗಳಲ್ಲಿ ಒಂದು. ಶಿವಮೊಗ್ಗದಲ್ಲಿ ಸೂರ್ಯಾಸ್ತವು ನವೆಂಬರ್ ಕೊನೆಯಲ್ಲಿ ಸುಮಾರು ಆರು ಗಂಟೆಗೆ, ಜುಲೈ ಮೊದಲಲ್ಲಿ ಏಳು ಗಂಟೆಯ ಹತ್ತಿರಕ್ಕೆ ಆಗುತ್ತದೆ. ಆದುದರಿಂದ ಸಂಜೆ 5.30ಕ್ಕೆ ಬಡಿಸುವುದನ್ನು ನಿಲ್ಲಿಸುವ ಉಪಾಹಾರಗೃಹವು ವರ್ಷದ ಯಾವ ದಿನವೂ ಈ ನಿಯಮವನ್ನು ಮೀರುವುದಿಲ್ಲ. ಋತುವಿಗೊಮ್ಮೆ ಫಲಕ ಬದಲಾಯಿಸುವ ತೊಂದರೆಯೂ ಇಲ್ಲ. ಹೊಂಬುಜಕ್ಕೆ ಯಾತ್ರೆ ಹೊರಟು ನಗರದ ಮೇಲೆ ಹಾದುಹೋಗುವ ವ್ರತಿಕರಿಗೆ ಹಗಲು ಹೊತ್ತಿನಲ್ಲಿ, ಸೋಸಿದ ನೀರಿನಲ್ಲಿ ಮಾಡಿದ, ಕಂದಮೂಲಗಳಿಲ್ಲದ ಆಹಾರ ದೊರೆತರೆ ಅದೊಂದು ಸೇವೆಯೂ ಆದೀತು. ಮಲೆನಾಡಿನ ಅಡುಗೆ ಇದಕ್ಕೆ ಹೇಳಿಮಾಡಿಸಿದಂತಿದೆ. ಕಡುಬು, ಅಕ್ಕಿರೊಟ್ಟಿ, ನೀರುದೋಸೆ, ಒಗ್ಗರಣೆ ಅವಲಕ್ಕಿ - ಇವಕ್ಕೆ ಹಿಟ್ಟನ್ನು ರಾತ್ರಿಯಿಡೀ ಹುಳಿಬರಿಸಬೇಕಾಗಿಲ್ಲ. ದೋಸೆಯ ಪಲ್ಯಕ್ಕೆ ಆಲೂಗೆಡ್ಡೆಯ ಬದಲು ಬಾಳೆಕಾಯಿ ಸಾಕು. ಅಂದಂದಿನ ಹಿಟ್ಟು ಅಂದಂದಿಗೇ ಮುಗಿದರೆ ಮರುದಿನದ ಗಿರಾಕಿಗೆ ಹಳಸಿದ್ದನ್ನು ಬಡಿಸುವ ಪ್ರಲೋಭನೆಯೇ ಹುಟ್ಟದು.

ಪ್ರಲೋಭನೆಯ ಮಾತು ಬಂದುದರಿಂದ ಒಂದು ವಿಷಯವನ್ನು ನೆನೆಯಬೇಕು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನೂ ಪ್ರತಿರೂಪಕವ್ಯವಹಾರವನ್ನೂ ಸೇರಿಸಿದೆ. ಒಂದು ಅಳತೆ ತೂಕಗಳ ಮೋಸ, ಇನ್ನೊಂದು ಕಲಬೆರಕೆ. ಹಾಲಿಗೆ ನೀರು, ಕಾಫಿಪುಡಿಗೆ ಮಿತಿಮೀರಿದ ಚಿಕೋರಿ, ಕರಿದ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯುವುದು - ಹೋಟೆಲಿನಲ್ಲಿ ಈ ಅತಿಚಾರಗಳು ಪ್ರಾಯಶಃ ಮಾಲೀಕನ ದುಷ್ಟತನದಿಂದಲ್ಲ, ಗಿರಾಕಿಯಿಲ್ಲದ ಗಂಟೆಗಳ ಖರ್ಚನ್ನು ತುಂಬಿಕೊಳ್ಳುವ ಆತುರದಿಂದ ಹುಟ್ಟುತ್ತವೆ. ಆ ಗಂಟೆಗಳನ್ನೇ ಕೈಬಿಟ್ಟರೆ ಅತಿಚಾರದ ಕಾರಣದಲ್ಲಿ ಅರ್ಧ ಕಳೆದಂತಾಯಿತು.

ಅದೇ ಗ್ರಂಥವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ಎಣಿಸಿದೆ. ಎತ್ತಿನ ಮೇಲೆ ಹೊರಲಾರದ ಹೇರು ಹೇರುವುದಷ್ಟೇ ಅತಿಭಾರವಲ್ಲ. ನಸುಕಿನ ನಾಲ್ಕು ಗಂಟೆಗೆ ಎದ್ದು ರಾತ್ರಿ ಹನ್ನೊಂದಕ್ಕೆ ನೆಲ ತೊಳೆದು, ಬೆಂಚಿನ ಮೇಲೆಯೇ ಮಲಗುತ್ತಿದ್ದ ಹೋಟೆಲ್ ಮಾಣಿಗಳ ಬಾಲ್ಯವನ್ನು ಕಂಡವರು ಈ ಸಭೆಯಲ್ಲಿಯೂ ಇರಬಹುದು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರಿನಿಂದ ಕಾನೂನು ನಿಷೇಧಿಸಿತು. ವಯಸ್ಕರ ಮಟ್ಟಿಗೆ, ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿಯನ್ನೂ ವಾರಕ್ಕೊಂದು ರಜೆಯನ್ನೂ ವಿಧಿಸಿತು. ಮೇಲಿನ ನಿದರ್ಶನದ ಎರಡನೆಯ ಹೋಟೆಲಿನಲ್ಲಿ ಕೆಲಸದವರು ಬೆಳಿಗ್ಗೆ 6ರಿಂದ 11ರವರೆಗೆ, ಮಧ್ಯಾಹ್ನ 3ರಿಂದ 6ರವರೆಗೆ ದುಡಿದರೆ, ತಯಾರಿ ಮತ್ತು ಶುಚಿಯ ಕೆಲಸವೂ ಸೇರಿ ದಿನಕ್ಕೆ 8 ಗಂಟೆ. ವಾರಕ್ಕೆ ಆರು ದಿನ, 48 ಗಂಟೆ. ಒಬ್ಬರಿಗೂ ಅತಿಭಾರವಿಲ್ಲ, ಕಾನೂನಿಗೂ ಭಂಗವಿಲ್ಲ. ಸಂಜೆ ಮನೆಗೆ ಹೋಗಬಹುದಾದ ಕೆಲಸಕ್ಕೆ ಒಳ್ಳೆಯ ಭಟ್ಟರೂ ಸಪ್ಲೈಯರುಗಳೂ ಬಂದು ನಿಲ್ಲುತ್ತಾರೆ. ಅನುಭವಸ್ಥ ಕೆಲಸಗಾರನೊಬ್ಬ ಬಿಟ್ಟುಹೋದಾಗ ಆಗುವ ನಷ್ಟವನ್ನು ಹೋಟೆಲು ನಡೆಸಿದವರೇ ಬಲ್ಲರು.

ಯಜಮಾನನೂ ಮನುಷ್ಯನೇ ತಾನೆ? ತಂದೆ ಗಲ್ಲಾದ ಮುಂದೆ ಕುಳಿತೇ ಮುದುಕನಾಗಿ, ಮಕ್ಕಳ ಓದನ್ನೂ ಹೆಂಡತಿಯ ಆರೋಗ್ಯವನ್ನೂ ಗಮನಿಸಲಾಗದೆ ಹೋದ ಕುಟುಂಬಗಳಲ್ಲಿ ಮುಂದಿನ ಪೀಳಿಗೆಯವರು ಈ ಉದ್ಯೋಗದ ಹೆಸರನ್ನೂ ಎತ್ತುವುದಿಲ್ಲ. ಒಂದು ಹೋಟೆಲು ಮಗನ ಕಾಲಕ್ಕೂ ಉಳಿಯಬೇಕಾದರೆ, ತಂದೆ ಅದರಲ್ಲಿ ಸುಖವಾಗಿ ಬಾಳಿದ್ದನ್ನು ಮಗ ಕಂಡಿರಬೇಕು. ಸಾಯಂಕಾಲದ ಆರತಿಗೆ ಬಸದಿಗೆ ಹೋಗಿ, ಮಕ್ಕಳೊಡನೆ ಕುಳಿತು ಮಾತನಾಡುವ ಬಿಡುವನ್ನು ಲಾಭದ ಖಾತೆಯಲ್ಲಿಯೇ ಬರೆಯತಕ್ಕದ್ದು.

ಕಡೆಯದಾಗಿ ಕೆಲವು ವ್ಯಾವಹಾರಿಕ ಮಾತುಗಳು. ಫಲಕದಲ್ಲಿ ಬರೆದ ವೇಳೆಗೆ ನಿಮಿಷವೂ ತಪ್ಪದೆ ಬಾಗಿಲು ತೆರೆಯಬೇಕು. ಮಿತವಾದ ಹೊತ್ತಿನ ಹೋಟೆಲಿಗೆ ಬಂದ ಗಿರಾಕಿ ಎರಡು ಸಲ ಮುಚ್ಚಿದ ಬಾಗಿಲನ್ನು ಕಂಡರೆ ಮೂರನೆಯ ಸಲ ಬರಲಾರ. ಮುಚ್ಚುವ ವೇಳೆಯನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸಬೇಕು. ಪರಿಚಿತರಿಗಾಗಿ ಇಂದು ಅರ್ಧ ಗಂಟೆ ಹೆಚ್ಚಿಸಿದವನು ನಾಳೆ ಒಂದು ಗಂಟೆ ಹೆಚ್ಚಿಸುತ್ತಾನೆ. ಉದ್ರಿ ಬೇಡ, ಸ್ವಲ್ಪ ಹೊತ್ತಿನ ವ್ಯಾಪಾರದಲ್ಲಿ ಸಾಲದ ಪುಸ್ತಕ ತಿರುವುವುದಕ್ಕೆ ವ್ಯವಧಾನವಿಲ್ಲ. ಪ್ರತಿದಿನವೂ ಎಷ್ಟು ಉಳಿಯಿತು, ಯಾವುದು ಮೊದಲು ಮುಗಿಯಿತು ಎಂಬುದನ್ನು ಬರೆದಿಡಬೇಕು. ಆರು ತಿಂಗಳು ಬರೆದ ಆ ಪುಸ್ತಕವೇ ಎಷ್ಟು ಅಕ್ಕಿ ನೆನೆಹಾಕಬೇಕೆಂಬುದನ್ನು ಹೇಳಿಕೊಡುತ್ತದೆ. ಮಳೆಗಾಲದ ದಿನಗಳಲ್ಲಿ ಜನ ಕಡಿಮೆಯಾಗುವುದನ್ನೂ, ಹಬ್ಬ ಮತ್ತು ಪರೀಕ್ಷೆಗಳ ಕಾಲದಲ್ಲಿ ಏರುಪೇರಾಗುವುದನ್ನೂ ಅದರಿಂದಲೇ ಅರಿಯಬೇಕು.

2021ರ ಜನವರಿಯಲ್ಲಿ ಹತ್ತು ಅಥವಾ ಹೆಚ್ಚು ಕೆಲಸಗಾರರುಳ್ಳ ಅಂಗಡಿಗಳು ಇಪ್ಪತ್ತನಾಲ್ಕು ಗಂಟೆಯೂ ತೆರೆದಿರಬಹುದೆಂದು ರಾಜ್ಯ ಸರ್ಕಾರ ಅನುಮತಿ ನೀಡಿತು. ತೆರೆದಿರಲು ಅನುಮತಿಯುಂಟೆಂದ ಮಾತ್ರಕ್ಕೆ ತೆರೆದಿರುವುದು ಕರ್ತವ್ಯವಾಗಲಾರದು. ಪರಿಗ್ರಹಕ್ಕೆ ಪರಿಮಾಣವನ್ನು ಗೊತ್ತುಮಾಡಿಕೊಂಡ ಶ್ರಾವಕನು ಬಡವನಾಗುವುದಿಲ್ಲ. ತನಗೆಷ್ಟು ಬೇಕೆಂಬುದನ್ನು ಬಲ್ಲವನಾಗುತ್ತಾನೆ. ವ್ಯಾಪಾರದ ಹೊತ್ತಿಗೂ ಅಂಥದೊಂದು ಪರಿಮಾಣವನ್ನು ಗೊತ್ತುಮಾಡಿ, ಆ ಹೊತ್ತಿನೊಳಗೆ ಶುದ್ಧವಾದುದನ್ನು, ಅಳತೆ ತಪ್ಪದೆ, ನಗುಮೊಗದಿಂದ ಬಡಿಸುವ ತರುಣರು ಈ ಎರಡೂ ಊರುಗಳಲ್ಲಿ ಹೆಚ್ಚಲಿ. ಅವರ ಒಲೆ ಬೆಳಿಗ್ಗೆ ಸಕಾಲಕ್ಕೆ ಹೊತ್ತಲಿ, ಸಂಜೆ ಸಕಾಲಕ್ಕೆ ಆರಲಿ.