ಪಾಲಾರ್ ಗಡಿಯ ಪುಟ್ಟ ಜನವಸತಿಗಳು ಮತ್ತು ಗ್ರಾಮಸಭೆಯ ಅಧಿಕಾರ



ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಇಳಿಯುವ ಹಾದಿಯಲ್ಲಿ, ರಾಜ್ಯದ ಗಡಿಯಂಚಿನಲ್ಲಿ ಪಾಲಾರ್ ಇದೆ. ಅಲ್ಲಿನ ಹೊಳೆ ಕಾವೇರಿಯನ್ನು ಸೇರುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೋಲಾರದ ಮೂಲಕ ಹರಿಯುವ ಪಾಲಾರ್ ನದಿಯೇ ಬೇರೆ. ಕಡತಗಳಲ್ಲಿ ಈ ಗೊಂದಲ ಆಗದಂತೆ ತಾಲ್ಲೂಕಿನ ಹೆಸರನ್ನೂ ಬರೆಯುವುದು ಒಳ್ಳೆಯದು. ಹೊರಗಿನವರು ಈ ಹೆಸರನ್ನು ಬಲ್ಲದ್ದು 1993ರ ಏಪ್ರಿಲ್ 9ರ ನೆಲಬಾಂಬ್ ಸ್ಫೋಟದಿಂದ. ವೀರಪ್ಪನ್ ತಂಡದ ಆ ಕೃತ್ಯದಲ್ಲಿ 22 ಮಂದಿ ಮಡಿದರು. 2004ರಲ್ಲಿ ವೀರಪ್ಪನ್ ಹತನಾದ ಮೇಲೆ ಭಯ ತೊಲಗಿತು; ಸೌಕರ್ಯಗಳು ಮಾತ್ರ ಅದೇ ವೇಗದಲ್ಲಿ ಬರಲಿಲ್ಲ.

ಈ ಸೀಮೆಯಲ್ಲಿ ಸೋಲಿಗರ ಪೋಡುಗಳಿವೆ, ಲಿಂಗಾಯತರ ಬೆಟ್ಟದ ಊರುಗಳಿವೆ, ತಮಿಳು ಮನೆಮಾತಿನ ಕುಟುಂಬಗಳಿವೆ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದ ಸಭೆಯ ನಡವಳಿಯನ್ನು ಓದಿ ಹೇಳುವಾಗ ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ಹೇಳಬೇಕು.

ಗ್ರಾಮ ಪಂಚಾಯಿತಿಯಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಇಪ್ಪತ್ತು ಮೂವತ್ತು ಮನೆಗಳ ಪೋಡು ತನ್ನ ಮತಗಳಿಂದಲೇ ಒಬ್ಬರನ್ನು ಆರಿಸಲಾರದು. ಅಂದಾಜುಪಟ್ಟಿಯಲ್ಲಿಯೂ ಅದೇ ಲೆಕ್ಕ: ಕೊಳವೆಯ ಉದ್ದ ಹೆಚ್ಚು, ಮನೆಗಳು ಕಡಿಮೆ, ತಲಾ ವೆಚ್ಚ ಅಧಿಕ, ಕ್ರಿಯಾ ಯೋಜನೆಯಿಂದ ಆ ಕಾಮಗಾರಿ ಸದ್ದಿಲ್ಲದೆ ಜಾರಿಹೋಗುತ್ತದೆ. ರೋಗಿಯನ್ನು ಡೋಲಿಯಲ್ಲಿ ಹೊತ್ತು ಇಳಿಸುವ ಊರುಗಳು ಈ ಬೆಟ್ಟಗಳಲ್ಲಿ ಉಳಿದಿರುವುದು ಹೀಗೆ. 2024ರ ಏಪ್ರಿಲ್ 26ರಂದು ಇಂಡಿಗನತ್ತದಲ್ಲಿ ಮೂಲಸೌಕರ್ಯವಿಲ್ಲವೆಂಬ ಅಸಮಾಧಾನ ಮತಗಟ್ಟೆಯ ಮೇಲೆಯೇ ಸಿಡಿಯಿತು. 29ರಂದು ಮರುಮತದಾನ ನಡೆಸಬೇಕಾಯಿತು. ಆ ಕೃತ್ಯವನ್ನು ಸಮರ್ಥಿಸಲಾಗದು. ಆದರೆ ಅಹವಾಲು ಸಭೆಯಲ್ಲಿ ದಾಖಲಾಗದಿದ್ದರೆ ಬೇರೆ ದಾರಿ ಹುಡುಕುತ್ತದೆ.

ಅದನ್ನು ದಾಖಲಿಸುವ ದಾರಿ ಕಾನೂನಿನಲ್ಲಿಯೇ ಇದೆ. ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವು ವಾರ್ಡ್ ಸಭೆಗೂ ಕೆಳಗೆ ಜನವಸತಿ ಸಭೆಯನ್ನು ಗುರುತಿಸಿದೆ. ಅದಕ್ಕಿಂತ ಬಲವಾದದ್ದು ಅರಣ್ಯ ಹಕ್ಕು ಕಾಯ್ದೆ, 2006ರ 3(2)ನೇ ಪ್ರಕರಣ. ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕುಡಿಯುವ ನೀರಿನ ಕೊಳವೆ, ವಿದ್ಯುತ್ ಮಾರ್ಗ, ರಸ್ತೆ ಮುಂತಾದ 13 ಬಗೆಯ ಸೌಕರ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ಒದಗಿಸಲು ಅಲ್ಲಿ ಅವಕಾಶವಿದೆ. ಷರತ್ತು ಎರಡು: ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿರಬಾರದು, ಗ್ರಾಮಸಭೆಯ ಶಿಫಾರಸು ಇರಬೇಕು. ಮಹದೇಶ್ವರ ವನ್ಯಜೀವಿಧಾಮ 2013ರಲ್ಲಿ ಘೋಷಣೆಯಾಗಿರುವುದರಿಂದ ವನ್ಯಜೀವಿ ಕಾಯ್ದೆಯಡಿಯ ಅನುಮತಿಯ ಪ್ರಶ್ನೆ ಪ್ರತ್ಯೇಕವಾಗಿ ಬರಬಹುದು. ಅದನ್ನು ವಲಯ ಅರಣ್ಯಾಧಿಕಾರಿಗಳೊಡನೆ ಮೊದಲೇ ಚರ್ಚಿಸುವುದು ಲೇಸು. ಆದರೂ ‘ಅರಣ್ಯ ಇಲಾಖೆ ಒಪ್ಪುವುದಿಲ್ಲ’ ಎಂಬ ಮಾತನ್ನು ಅರ್ಜಿ ಸಲ್ಲಿಸುವ ಮೊದಲೇ ಹೇಳಿಬಿಡುವ ರೂಢಿ ತಪ್ಪು.

ಇಲ್ಲಿ ಗ್ರಾಮಸಭೆ ಎಂದರೆ ಇಡೀ ಪಂಚಾಯಿತಿಯ ಸಭೆಯಲ್ಲ. ಆ ಕಾಯ್ದೆಯಲ್ಲಿ ಹಳೆಯ ಜನವಸತಿ, ಅಳತೆಯಾಗದ ಊರು ಸಹ ‘ಗ್ರಾಮ’ವೇ. ಪೋಡಿನ ವಯಸ್ಕರೆಲ್ಲರೂ ಅದರ ಸದಸ್ಯರು. ಅದನ್ನು ಕರೆಯಬೇಕಾದ ಹೊಣೆ ಮಾತ್ರ ಗ್ರಾಮ ಪಂಚಾಯಿತಿಯದು. 2012ರ ತಿದ್ದುಪಡಿ ನಿಯಮಗಳ ಪ್ರಕಾರ ಅರ್ಧದಷ್ಟು ಸದಸ್ಯರು ಹಾಜರಿರಬೇಕು. ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಈ ಕೋರಂ ಕೊರತೆಯಿಂದಲೇ ನಿರ್ಣಯ ಬಿದ್ದುಹೋಗಬಹುದು. ಬೆಳಗಿನ ಹನ್ನೊಂದಕ್ಕೆ ಸಭೆ ಕರೆದರೆ ಜೇನು, ನೆಲ್ಲಿಕಾಯಿ, ಪಾಚಿಗೆ ಕಾಡಿಗೆ ಹೋದವರು, ಕೂಲಿಗೆ ಗಡಿ ದಾಟಿದವರು ಬರಲಾರರು. ಅಮಾವಾಸ್ಯೆಯಂದಂತೂ ಬೆಟ್ಟದ ತುಂಬ ಭಕ್ತರು, ದುಡಿಮೆಗಾರರೆಲ್ಲ ಅಲ್ಲಿಯೇ. ಸಂಜೆ, ಪೋಡಿನೊಳಗೆ, ಒಂದು ವಾರ ಮುಂಚೆ ಡಂಗುರ ಹೊಡೆಸಿ ಸಭೆ ಕರೆಯುವುದು ಸೂಕ್ತ.

ನಡವಳಿಯಲ್ಲಿ ‘ಮೂಲಸೌಕರ್ಯ ಒದಗಿಸುವುದು’ ಎಂದಷ್ಟೇ ಬರೆದರೆ ಕಡತ ಮುಂದೆ ಹೋಗುವುದಿಲ್ಲ. ಯಾವ ಸೌಕರ್ಯ, ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಎಷ್ಟು ಮರ, ಎಷ್ಟು ಮನೆಗಳಿಗೆ ಎಂಬುದನ್ನು ನಮೂದಿಸಿ, ಹಾಜರಾತಿ ಪುಟದಲ್ಲಿ ಪುರುಷರು ಮತ್ತು ಮಹಿಳೆಯರ ಸಹಿ ಅಥವಾ ಹೆಬ್ಬೆಟ್ಟನ್ನು ಬೇರೆಬೇರೆಯಾಗಿ ಪಡೆದು, ಒಂದು ಪ್ರತಿಯನ್ನು ಪೋಡಿನ ಅರಣ್ಯ ಹಕ್ಕು ಸಮಿತಿಯ ಕೈಗೆ ಕೊಟ್ಟು ಸ್ವೀಕೃತಿ ಪಡೆಯತಕ್ಕದ್ದು.